ತಾಳೆ ಬೀಳದ ಡಿಸ್ಕು

ಮನೆಗೆ ಬೀಗ ಹಾಕಿ ಓಣಿಯ ತಿರುವಿನವರೆಗೆ ಹೋದ ಇದಾಲ್ಮಿಸ್ ಕರ್ರಸಾನಾ, ತಿರುಗಿ ಬಂದು ಬೀಗ ಜಗ್ಗಿ ನೋಡದೆ ಮುಂದೆ ಹೋದದ್ದನ್ನು ಕಂಡವರು ಕಮಗ್ವೇ ಊರಲ್ಲಿ ಯಾರೂ ಇರಲಿಲ್ಲ. ಎದುರು ಮನೆಯ ಮುದುಕಿ ಎವೆಲಿಯಾ ಜಗಲಿಯ ತೂಗುಕುರ್ಚಿಯಲ್ಲಿ ಬೀಸಣಿಗೆ ಆಡಿಸುತ್ತ ಕೂತಿರುತ್ತಿದ್ದಳು. "ಬೀಗ ಎಲ್ಲೂ ಓಡಿ ಹೋಗಿಲ್ಲ ಕಣೇ, ನಾನು ನೋಡ್ತಾನೇ ಇದ್ದೆ" ಅನ್ನುವಳು. ಇದಾಲ್ಮಿಸ್ ನಗುವಳು, ನಕ್ಕೂ ಒಮ್ಮೆ ಜಗ್ಗಿಯೇ ಹೋಗುವಳು.

ಈ ಗುಣ ಅವಳಿಗೆ ಅಪ್ಪನಿಂದ ಬಂದದ್ದು. ಅಪ್ಪ ರೈಲ್ವೆ ಯಾರ್ಡಿನಲ್ಲಿ ಹಳಿ ಬದಲಿಸುವ ಕೆಲಸದಲ್ಲಿದ್ದ. ಊಟದ ನಡುವೆ ಚಮಚ ಕೆಳಗಿಟ್ಟು, ಹಿಡಿಕೆ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಯಾರ್ಡಿಗೆ ಎದ್ದು ಹೋಗಿಬಿಡುತ್ತಿದ್ದ. ಬರುವಷ್ಟರಲ್ಲಿ ತಟ್ಟೆಯ ಅನ್ನ ಆರಿ ಅಕ್ಷತೆಯಾಗಿರುತ್ತಿತ್ತು. "ನಿಮ್ಮಪ್ಪನ್ನ ಮಣ್ಣು ಮಾಡಿದ್ರೂ ಎದ್ದು ಬಂದು, ಪೆಟ್ಟಿಗೆ ಮುಚ್ಚಳ ಸರಿಯಾಗಿ ಹಾಕಿದಾರಾ ಅಂತ ನೋಡ್ಕೊಂಡೇ ಮತ್ತೆ ಮಲಗ್ತಾನೆ" ಎಂದು ಅಮ್ಮ ಗೊಣಗುತ್ತಿದ್ದಳು.

ಇದಾಲ್ಮಿಸ್ ಓದು ಮುಗಿಸಿ ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ಕೋಣೆ ಸೇರಿದಳು. ಕಾರ್ಖಾನೆ ಚೆನ್ನಾಗಿ ನಡೆಯುವಷ್ಟು ಕಾಲ ನಡೆದು ಒಂದು ದಿನ ಮುಚ್ಚಿತು. ಆಮೇಲೆ ಅವಳು ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡು ಡಿಸ್ಕು ಪರೀಕ್ಷೆ ಮಾಡುವುದಕ್ಕೆ ಕೂತಳು. ಆ ಊರಲ್ಲಿ ಆ ಕೆಲಸಕ್ಕೆ ಬರಗಾಲವಿಲ್ಲ. ಇಂಟರ್ನೆಟ್ಟು ಆಮೆಯ ಹಾಗೆ ತೆವಳುತ್ತದೆ. ಧಾರಾವಾಹಿ, ಸಿನಿಮಾ, ಹಾಡು ಎಲ್ಲವೂ ವಾರಕ್ಕೊಮ್ಮೆ ಹವಾನಾದಿಂದ ಡಿಸ್ಕಿನೊಳಗೆ ಕೂತು ಬಸ್ಸಿನಲ್ಲಿ ಬರುತ್ತವೆ, ಡಿಸ್ಕಿನಿಂದ ಡಿಸ್ಕಿಗೆ, ಮನೆಯಿಂದ ಮನೆಗೆ ಹೋಗುತ್ತವೆ. ಯಾವ ಡಿಸ್ಕು ನಂಬಬಹುದು, ಯಾವುದು ಕೈ ಕೊಡುತ್ತದೆ ಎನ್ನುವುದು ಅಲ್ಲಿ ದೊಡ್ಡ ಮಾತು. ಹೊಸದು ಕೊಂಡವರು, ಹಳೆಯದರ ಮೇಲೆ ಗುಮಾನಿ ಬಂದವರು, ಎಲ್ಲರೂ ಇದಾಲ್ಮಿಸಳ ಬಾಗಿಲಿಗೇ ಬರುತ್ತಿದ್ದರು.

ಅವಳು ಬಳಸುತ್ತಿದ್ದದ್ದು ಒಂದು ಸಣ್ಣ ಪ್ರೋಗ್ರಾಂ. ಕಪ್ಪು ಪರದೆ, ಬಿಳಿ ಅಕ್ಷರ, ಅಷ್ಟೇ. ಅಸಲಿಗೆ ಅದನ್ನು ಮಾಡಿದ್ದು ಡಿಸ್ಕಿನ ವೇಗ ಅಳೆಯುವುದಕ್ಕೆ. ಹೆಚ್ಚಿನವರು ವೇಗ ನೋಡಿ ಅಲ್ಲಿಗೇ ಬಿಡುತ್ತಾರೆ. ಆದರೆ ಕೇಳಿದರೆ ಅದು ತಾನು ಬರೆದದ್ದನ್ನು ತಾನೇ ತಿರುಗಿ ಓದಿ ತಾಳೆ ನೋಡುತ್ತದೆ. ಹೇಗೆ ನೋಡಬೇಕು ಎಂಬುದನ್ನು ಮಾತ್ರ ನಾವು ಮೊದಲೇ ಒಂದೊಂದು ಸಾಲಾಗಿ ಬರೆದು ತಿಳಿಸಬೇಕು. ಏನು ಬರೆಯಬೇಕು, ಬರೆದ ಕೂಡಲೇ ಓದಬೇಕೋ ಕೊನೆಯಲ್ಲಿ ಓದಬೇಕೋ, ತಪ್ಪು ಸಿಕ್ಕರೆ ಅಲ್ಲೇ ನಿಲ್ಲಬೇಕೋ, ತಪ್ಪುಗಳನ್ನೆಲ್ಲ ಗುರುತು ಹಾಕಿಕೊಂಡು ಮುಂದೆ ಹೋಗಬೇಕೋ. ಸರಿಯಾಗಿ ಕೇಳಿದರೆ ಸರಿಯಾದ ಉತ್ತರ, ಅರೆಬರೆ ಕೇಳಿದರೆ ಅರೆಬರೆ ಉತ್ತರ. ಆ ಸಾಲುಗಳನ್ನು ತಿದ್ದುತ್ತ ಕೂತರೆ ಇದಾಲ್ಮಿಸಳಿಗೆ ಒಲೆಯ ಮೇಲಿಟ್ಟ ಕಾಫಿ ಉಕ್ಕಿದರೂ ತಿಳಿಯುತ್ತಿರಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಅವಳ ಬಾಗಿಲಲ್ಲಿ ಒರೆಸ್ತೆಸ್ ವಿಯಾಮೊಂತೆಸ್ ಬಂದು ನಿಂತ. ಊರಿನ ಫೋಟೋಗ್ರಾಫರು. ಒಂದು ಕಾಲಕ್ಕೆ ಅವಳ ಗಂಡ.

"ಒಳಗೆ ಬರಬಹುದಾ? ಇಲ್ಲಾ ಮೊದಲು ನನ್ನನ್ನೂ ತಾಳೆ ನೋಡ್ಬೇಕಾ?" ಎಂದ.

"ನಿನ್ನ ತಾಳೆ ನೋಡಿ ಆಗಿದೆ. ಅದಕ್ಕೇ ನೀನು ಹೊರಗಿರೋದು. ಏನು ತಂದಿದ್ದೀಯ, ತೋರಿಸು."

ಅವನು ನಗುತ್ತ ಒಳಗೆ ಬಂದು ಮೇಜಿನ ಮೇಲೆ ಎರಡು ಹೊಸ ಡಿಸ್ಕು ಇಟ್ಟ. ಪನಾಮಾಕ್ಕೆ ಹೋಗಿಬಂದವರೊಬ್ಬರ ಪೆಟ್ಟಿಗೆಯಲ್ಲಿ ಬಂದವು. ಕರೀ ಡಬ್ಬಿ, ನುಣುಪು ಮೈ, ಒಂದೊಂದರ ಮೇಲೂ ಎರಡು ಟೆರಾ ಎಂದು ಅಚ್ಚು. ಎತ್ತಿದರೆ ಕೈಗೆ ತಕ್ಕ ಭಾರ.

ಒರೆಸ್ತೆಸ್‌ನ ಕಸುಬು ಹದಿನೈದು ತುಂಬಿದ ಹುಡುಗಿಯರ ಫೋಟೋ ತೆಗೆಯುವುದು. ಅಲ್ಲಿ ಹದಿನೈದನೇ ಹುಟ್ಟುಹಬ್ಬ ಮದುವೆಯಷ್ಟೇ ದೊಡ್ಡದು, ಹೆಣ್ಣು ಹುಟ್ಟಿದ ದಿನದಿಂದ ಅಪ್ಪ ಅಮ್ಮ ಅದಕ್ಕಾಗಿ ಕೂಡಿಡುತ್ತಾರೆ. ಬಾಡಿಗೆಗೆ ತಂದ ದೊಡ್ಡ ಗೌನು, ಕುದುರೆ ಗಾಡಿ, ಚೌಕದ ಹಳೇ ಮನೆಗಳ ನೀಲಿ ಬಾಗಿಲು, ಇವುಗಳ ಮುಂದೆ ಹುಡುಗಿಯನ್ನು ನಿಲ್ಲಿಸಿ ಅವನು ಇಪ್ಪತ್ತು ವರ್ಷದಿಂದ ಫೋಟೋ ತೆಗೆಯುತ್ತಿದ್ದ. ಆ ಹುಡುಗಿಯರಲ್ಲಿ ಎಷ್ಟೋ ಮಂದಿ ಈಗ ಊರಲ್ಲಿಲ್ಲ. ಯಾರೋ ಮಯಾಮಿ, ಯಾರೋ ಮ್ಯಾಡ್ರಿಡ್. ಆಲ್ಬಂ ನೆನೆದು ಹಾಳಾಯಿತೆಂದೋ, ಇನ್ನೊಂದು ಪ್ರತಿ ಬೇಕೆಂದೋ ತಾಯಂದಿರು ಅವನ ಬಳಿ ಬರುತ್ತಿದ್ದರು. ಅವನ ಹಳೆಯ ಡಿಸ್ಕಿನಲ್ಲಿ ಎಲ್ಲರೂ ಇದ್ದರು. ಡಿಸ್ಕು ಗಟ್ಟಿಯಾಗಿಯೇ ಇತ್ತು, ಆದರೆ ಕಂಠಮಟ್ಟ ತುಂಬಿತ್ತು. ಅದಕ್ಕೇ ಈ ಹೊಸ ಜೋಡಿ.

"ಒಂದು ನನಗೆ ಬೇಗ ಬೇಕು. ಇನ್ನೊಂದನ್ನ ನೀನು ನಿಧಾನಕ್ಕೆ ನೋಡು" ಎಂದ ಒರೆಸ್ತೆಸ್. "ಇಲ್ಲೇ ಫ್ಲೋರಿದಾ ಊರಿನ ಸೊರಾಯ್ದಾ ನನ್ನ ಹಳೇದನ್ನ ಕೊಂಡ್ಕೊಳ್ತಾಳೆ. ಧಾರಾವಾಹಿ ತುಂಬಿ ಬಾಡಿಗೆಗೆ ಬಿಡ್ತಾಳಲ್ಲ, ಅವಳು. ಹೊಸದರ ದುಡ್ಡಿಗೆ ಅದೇ ದಾರಿ. ನಾಳೆ ಬೆಳಿಗ್ಗೆ ಬರ್ತೀನಿ."

"ನಾಳೆಗಾಗಲ್ಲ. ಎರಡು ಟೆರಾ ಪೂರ್ತಿ ಬರೆದು ಪೂರ್ತಿ ಓದ್ಬೇಕು ಅಂದ್ರೆ, ಈ ಕರೆಂಟಿನಲ್ಲಿ, ವಾರ ಹಿಡಿಯುತ್ತೆ."

"ನಾಳೆ ಬರ್ತೀನಿ" ಎಂದು ಅವನು ಹೊರಟೇಬಿಟ್ಟ.

ಅವರಿಬ್ಬರ ಮದುವೆ ಮುರಿದದ್ದೂ ಇಂಥದೇ ವಿಷಯಕ್ಕೆ. ಹಳ್ಳಿಯೊಂದರಲ್ಲಿ ಫೋಟೋ ಕೆಲಸವಿದೆ ಎಂದು ಅವನು ಹೋಗಿದ್ದ ದಿನ, ಮನೆಯಲ್ಲಿ ಕೂರಲಾರದೆ ಇದಾಲ್ಮಿಸ್ ಸೈಕಲ್ ತುಳಿದುಕೊಂಡು ಅಲ್ಲಿಗೇ ಹೋಗಿದ್ದಳು. ಹೇಳಿದ ಜಾಗದಲ್ಲೇ, ಹೇಳಿದ ಕೆಲಸವನ್ನೇ ಮಾಡುತ್ತ ನಿಂತಿದ್ದ. ಹುಡುಗಿ, ಅವಳ ತಾಯಿ, ಅಜ್ಜಿ, ನೆಂಟರು ಎಲ್ಲರೂ ಬೆವರಿ ಏದುಸಿರು ಬಿಡುತ್ತಿದ್ದ ಹೆಂಡತಿಯನ್ನೂ ಅವನನ್ನೂ ನೋಡುತ್ತ ನಿಂತರು. "ನೋಡಿದ್ಯಾ? ಸಮಾಧಾನ ಆಯ್ತಾ?" ಎಂದು ಅವನು ಮೆಲ್ಲಗೆ ಕೇಳಿದ. ಆ ಮೆಲುದನಿಯನ್ನು ಅವಳು ಮರೆತಿರಲಿಲ್ಲ. ಅವನು ನಿಜಕ್ಕೂ ಸುಳ್ಳು ಹೇಳಿದ್ದು ಅದಕ್ಕೂ ಮುಂಚೆ ಇನ್ನೊಂದು ದಿನ, ಅವಳು ನೋಡಲು ಹೋಗದೆ ಇದ್ದ ದಿನ. ಅದು ತಿಳಿದದ್ದು ಬೇರ್ಪಟ್ಟ ಮೇಲೆ. ತಿಳಿದಾಗ ಯಾರ ಮೇಲೆ ಸಿಟ್ಟಾಗಬೇಕೆಂದು ಅವಳಿಗೆ ಗೊತ್ತಾಗಲಿಲ್ಲ.

ಆ ಮಂಗಳವಾರ ಅವಳು ಒಂದು ಡಿಸ್ಕನ್ನು ಜೋಡಿಸಿ ಕೂತಳು. ಸಮಯ ಕಡಿಮೆ, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ, ಅವಳ ಕಂಪ್ಯೂಟರು ಮುದಿ. ಹಗುರವಾದ ಪರೀಕ್ಷೆಯೊಂದನ್ನು ಬರೆದಳು. ಡಿಸ್ಕಿನ ಉದ್ದಗಲಕ್ಕೂ ಅಲ್ಲಲ್ಲಿ ನೆಗೆದು ಎಲ್ಲ ಕಡೆಗೂ ಒಂದೇ ಗುರುತನ್ನು ಬರೆ, ಬರೆದ ಕೂಡಲೇ ಓದಿ ನೋಡು. ಡಿಸ್ಕು ಹಾಗೇ ಮಾಡಿತು. ವೇಗ ಚೆನ್ನಾಗಿತ್ತು. ತಪ್ಪು ಒಂದೂ ಇರಲಿಲ್ಲ.

ಮರುದಿನ ಒರೆಸ್ತೆಸ್ ಬಂದಾಗ ಅವಳು ಇನ್ನೂ ಪರದೆಯ ಮುಂದೆಯೇ ಇದ್ದಳು.

"ಸ್ಪೀಡು ಹೇಗಿದೆ?"

"ಚೆನ್ನಾಗಿದೆ."

"ಬರೆದದ್ದು ಓದ್ತಾ?"

"ಓದ್ತು. ಆದ್ರೆ ಇದು ಮೇಲುಮೇಲಿನ ಪರೀಕ್ಷೆ ಕಣೋ. ಇನ್ನೂ ಎರಡು ದಿನ ಬಿಡು."

"ಎರಡು ದಿನ ಆದ್ಮೇಲೆ ಇನ್ನೆರಡು ದಿನ ಅಂತೀಯ, ನನಗೆ ಗೊತ್ತಿಲ್ವಾ?" ಅವನು ಕುರ್ಚಿಯ ಬೆನ್ನಿಗೆ ಒರಗಿ ನಿಂತ. "ಜೀವಮಾನದಲ್ಲಿ ಒಂದೇ ಒಂದನ್ನ ನಂಬಿ ನೋಡು, ಇದಾಲ್ಮಿಸ್. ಡಿಸ್ಕಿಗೆ ಇನ್ನೊಬ್ಬಳು ಹೆಂಗಸು ಇರಲ್ಲ."

ಅದು ತಮಾಷೆಗೆ ಆಡಿದ ಮಾತು. ಅವಳಿಗೆ ಮಾತ್ರ ಹಳ್ಳಿಯ ಅಂಗಳದಲ್ಲಿ ನಿಂತ ಹಾಗಾಯಿತು. ಡಿಸ್ಕಿನ ತಂತಿ ಬಿಚ್ಚಿ ಅವನ ಕೈಗಿಟ್ಟಳು.

"ತಗೊಂಡು ಹೋಗು. ಸರಿ ಇದೆ."

ಅವನು ಹೋದ ಮೇಲೆ ಅವಳು ನೆಲ ಗುಡಿಸಿದಳು. ಗುಡಿಸಿದ ನೆಲವನ್ನೇ ಇನ್ನೊಮ್ಮೆ ಗುಡಿಸಿದಳು. ಗೆಣಸು ಬೇಯಲಿಟ್ಟು ಮರೆತು ತಳ ಹಿಡಿಸಿದಳು. ಸಂಜೆ ಜಗಲಿಗೆ ಬಂದು ಕೂತಳು, ಎದ್ದಳು, ಮತ್ತೆ ಕೂತಳು.

"ಇರುವೆ ಕಚ್ತಾ ಇದ್ಯೇನೇ?" ಎಂದು ಎವೆಲಿಯಾ ರಸ್ತೆಯಾಚೆಯಿಂದ ಕೇಳಿದಳು.

"ಸೆಕೆ."

"ಸೆಕೆ ನನಗೂ ಇದೆ. ನಾನು ಕೂತಿಲ್ವಾ?"

ಸೆಕೆಯಲ್ಲ, ಅವಳ ತಲೆಯಲ್ಲಿ ಒಂದು ಗೆರೆ ಕೊರೆಯುತ್ತಿತ್ತು. ಪರೀಕ್ಷೆಯ ಹೊತ್ತಿನಲ್ಲಿ ಪ್ರೋಗ್ರಾಂ ಹಾಕಿದ ವೇಗದ ಗೆರೆ. ಒಳಗೆ ತಟ್ಟೆ ತಿರುಗುವ ಡಿಸ್ಕು ಅಂಚಿನಲ್ಲಿ ಚುರುಕು, ನಡುವಿಗೆ ಬಂದಂತೆ ನಿಧಾನ. ಅಂಚಿನ ಸುತ್ತು ದೊಡ್ಡದು, ಒಳಗಿನ ಸುತ್ತು ಚಿಕ್ಕದು. ಹಾಗಾಗಿ ಎಂಥ ಹೊಸ ಡಿಸ್ಕಾದರೂ ಒಂದು ಕಡೆ ವೇಗ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇರಲೇಬೇಕು. ಈ ಡಿಸ್ಕು ಎಲ್ಲಿ ಮುಟ್ಟಿದರೂ ಒಂದೇ ವೇಗ ತೋರಿಸಿತ್ತು, ಗೆರೆ ಪಟ್ಟಿ ಹಿಡಿದು ಎಳೆದ ಹಾಗಿತ್ತು. ಅದನ್ನು ಅವಳ ಕಣ್ಣು ಬೆಳಿಗ್ಗೆಯೇ ಕಂಡಿತ್ತು. ಬಾಯಿ ಮಾತ್ರ ಸರಿ ಇದೆ ಎಂದಿತ್ತು.

ಗುರುವಾರ ಬೆಳಕು ಹರಿಯುತ್ತಲೇ ಅವಳು ಉಳಿದಿದ್ದ ಇನ್ನೊಂದು ಡಿಸ್ಕನ್ನು ಜೋಡಿಸಿದಳು. ಎರಡೂ ಒಂದೇ ಪೆಟ್ಟಿಗೆಯಲ್ಲಿ ಬಂದವು, ಅದರ ಗತಿಯೇ ಇದರ ಗತಿ. ಪರೀಕ್ಷೆಯ ಸಾಲುಗಳನ್ನು ಮೊದಲಿಂದ ಬರೆದಳು. ಎಲ್ಲ ಕಡೆ ಒಂದೇ ಗುರುತು ಬೇಡ. ಪ್ರತಿಯೊಂದು ಜಾಗದಲ್ಲೂ ಆ ಜಾಗದ್ದೇ ನಂಬರು ಬರೆ, ಜೊತೆಗೆ ಅದನ್ನು ಒರೆಹಚ್ಚುವ ಒಂದು ಮೊತ್ತವನ್ನೂ ಬರೆ. ಇಡೀ ಡಿಸ್ಕು ತುಂಬುವುದು ಬೇಡ, ಮೊದಲಿಂದ ಕೊನೆಯವರೆಗೆ ಅಷ್ಟಷ್ಟು ದೂರ ಬಿಟ್ಟು ಬರೆ. ಬರೆದ ಕೂಡಲೇ ಓದಬೇಡ, ಎಲ್ಲ ಬರೆದು ಮುಗಿದ ಮೇಲೆ ಮೊದಲಿಂದ ಓದಿಕೊಂಡು ಬಾ. ತಪ್ಪು ಸಿಕ್ಕರೆ ನಿಲ್ಲಬೇಡ, ಎಲ್ಲಿ ಏನು ಇರಬೇಕಿತ್ತು, ಏನು ಸಿಕ್ಕಿತು ಎರಡನ್ನೂ ತೋರಿಸು. ಕೊನೆಗೆ, ಎಲ್ಲಿಯವರೆಗೆ ಬರೆದೆ ಎಂಬ ನೆನಪನ್ನು ಕಂಪ್ಯೂಟರಿನಲ್ಲಿ ಇಟ್ಟುಕೋ, ನಡುವೆ ನಿಂತರೆ ಅಲ್ಲಿಂದ ಮುಂದುವರಿಸಬೇಕು.

ಆ ಕೊನೆಯ ಸಾಲು ಬರೆದದ್ದು ಒಳ್ಳೆಯದಾಯಿತು. ಬರೆಯುವುದು ಮುಕ್ಕಾಲು ಮುಗಿದಿತ್ತು, ಓಣಿಯ ಉದ್ದಕ್ಕೂ ಫ್ಯಾನುಗಳು ಒಟ್ಟಿಗೆ ನಿಟ್ಟುಸಿರು ಬಿಟ್ಟು ನಿಂತವು. ಕರೆಂಟು ಹೋಯಿತು. ಅವಳ ಹತ್ತಿರವಿದ್ದ ಹಳೇ ಕಾರಿನ ಬ್ಯಾಟರಿ ಕಂಪ್ಯೂಟರನ್ನು ಒಪ್ಪವಾಗಿ ಮುಚ್ಚುವಷ್ಟು ಹೊತ್ತು ಮಾತ್ರ ತಡೆಯಿತು.

ಇನ್ನು ಕಾಯಬೇಕು. ಕಾಯುವುದು ಅವಳ ಜಾತಕದಲ್ಲೇ ಇರಲಿಲ್ಲ. ಹಿತ್ತಿಲಿಗೆ ಹೋಗಿ ಬಂದಳು. ಮಳೆನೀರಿನ ದೊಡ್ಡ ಮಣ್ಣಿನ ಗುಡಾಣದ ಮುಚ್ಚಳ ಎತ್ತಿ ನೋಡಿದಳು, ಹಾಕಿದಳು. ಒರೆಸ್ತೆಸ್‌ಗೆ ಫೋನು ಮಾಡಿದಳು. ಕರೆಂಟಿನ ಜೊತೆ ಫೋನಿನ ಗೋಪುರವೂ ಮಲಗಿತ್ತು. ಈಗಲೇ ಹೋಗಿ ಹೇಳಿಬಿಡಲೇ ಎಂದುಕೊಂಡಳು. ಹೋಗಿ ಏನು ಹೇಳುವುದು? ಗೆರೆ ನೆಟ್ಟಗಿತ್ತು, ಅದಕ್ಕೇ ಓಡಿ ಬಂದೆ ಎಂದೇ? ಇನ್ನೊಮ್ಮೆ ಅವನ ಮುಂದೆ, ಯಾರದೋ ಮಗಳ ಗೌನಿನ ಮುಂದೆ, ಬೆವರು ಸುರಿಸಿಕೊಂಡು ನಿಲ್ಲುವ ಧೈರ್ಯ ಅವಳಿಗಿರಲಿಲ್ಲ. ಕೈಯಲ್ಲಿ ಏನಾದರೂ ಹಿಡಿದುಕೊಂಡೇ ಹೋಗಬೇಕು.

ಮಧ್ಯಾಹ್ನ ಇಳಿಯುವಾಗ ಫ್ಯಾನು ಅಲುಗಿತು. ಪ್ರೋಗ್ರಾಂ ನಿಂತಲ್ಲಿಂದಲೇ ಹೊರಟು ಬರೆಯುವುದನ್ನು ಮುಗಿಸಿ, ಓದುವುದಕ್ಕೆ ಶುರು ಮಾಡಿತು. ಮೊದಮೊದಲು ಎಲ್ಲ ಸರಿಯಾಗಿಯೇ ಇತ್ತು. ಅವಳು ಕಣ್ಣು ಕೀಳದೆ ನೋಡುತ್ತಿದ್ದಳು, ನಾನೇ ಹುಚ್ಚಿ ಎಂದು ಬೈದುಕೊಳ್ಳುವುದಕ್ಕೂ ತಯಾರಾಗಿದ್ದಳು. ಆಮೇಲೆ ಒಂದು ತಪ್ಪು ಬಂತು. ಅದರ ಬೆನ್ನಿಗೆ ಇನ್ನೊಂದು. ಮತ್ತೆ ಪರದೆ ನಿಲ್ಲದೆ ಓಡತೊಡಗಿತು. ಒಂದು ಮನೆಯ ಬಾಗಿಲು ಬಡಿದರೆ, ಬೀದಿಯ ಆ ತುದಿಯ ಮನೆಯವನು ಬಂದು ತೆಗೆದ ಹಾಗೆ, ಪ್ರತಿ ಜಾಗದಲ್ಲೂ ಬೇರೆ ಯಾವುದೋ ಜಾಗದ ನಂಬರು ಕೂತಿತ್ತು.

ಅವಳಿಗೆ ತಿಳಿಯಿತು. ಮುಂಭಾಗದ ಚೂರು ಜಾಗ ನಿಜ, ಮಿಕ್ಕದ್ದೆಲ್ಲ ಬುರುಡೆ. ಆಮೇಲೆ ಬಂದದ್ದನ್ನೆಲ್ಲ ಡಿಸ್ಕು ಒಂದೇ ಇಕ್ಕಟ್ಟು ಕೋಣೆಯೊಳಗೆ ಒಂದರ ಮೇಲೊಂದು ಹಾಕುತ್ತ, ಹಳೆಯದನ್ನು ಅಳಿಸುತ್ತ, ಎಲ್ಲಕ್ಕೂ ಜಾಗ ಇದೆ ಎಂದು ಹೇಳುತ್ತಿತ್ತು. ಎಲ್ಲ ಕಡೆ ಒಂದೇ ಗುರುತು ಬರೆದು ನೋಡಿದ್ದಕ್ಕೆ ಮೊನ್ನೆ ಅದರ ಜೋಡಿ ಸಿಕ್ಕಿಬಿದ್ದಿರಲಿಲ್ಲ. ಯಾವ ಬಾಗಿಲು ಬಡಿದರೂ ಒಂದೇ ಮುಖ ಕಂಡರೆ ಮನೆ ಅದಲುಬದಲಾಗಿದ್ದು ತಿಳಿಯುವುದು ಹೇಗೆ?

ಸ್ಕ್ರೂ ಡ್ರೈವರಿನಿಂದ ಡಬ್ಬಿ ಬಿಚ್ಚಿದಳು. ಒಳಗೆ ಉಗುರಿನಗಲದ ಒಂದು ಮೆಮೊರಿ ಕಾರ್ಡು, ಭಾರಕ್ಕೆಂದು ಅಂಟು ಹಾಕಿ ಕೂರಿಸಿದ ಒಂದು ದಪ್ಪ ಕಬ್ಬಿಣದ ನಟ್ಟು.

ನಟ್ಟನ್ನು ಮುಷ್ಟಿಯಲ್ಲಿ ಹಿಡಿದು ಅವಳು ಮನೆಯಿಂದ ಹೊರಬಿದ್ದಳು. ಓಣಿಯ ತಿರುವು ದಾಟಿದಳು, ತಿರುಗಿ ಬರಲಿಲ್ಲ. ಎವೆಲಿಯಾ ಬೀಸಣಿಗೆ ನಿಲ್ಲಿಸಿ ನೋಡಿದಳು. ಇದಾಲ್ಮಿಸಳ ಮನೆ ಬಾಗಿಲು ಹಾರು ಹೊಡೆದಿತ್ತು. ಮುದುಕಿ ತನ್ನ ಕುರ್ಚಿಯನ್ನು ರಸ್ತೆ ದಾಟಿಸಿ ಎಳೆದು ತಂದು ಆ ಬಾಗಿಲಲ್ಲೇ ಹಾಕಿಕೊಂಡು ಕೂತಳು.

ಒರೆಸ್ತೆಸ್ ಚೌಕದಲ್ಲಿದ್ದ. ತಿಳಿಹಳದಿ ಗೌನಿನ ಹುಡುಗಿಯೊಬ್ಬಳನ್ನು ಕುದುರೆ ಗಾಡಿಯ ಮೆಟ್ಟಿಲ ಮೇಲೆ ನಿಲ್ಲಿಸಿ, "ಗಲ್ಲ ಮೇಲೆ, ಮಗಳೇ, ಹಲ್ಲುನೋವು ಬಂದವರ ಥರ ಬೇಡ" ಅನ್ನುತ್ತಿದ್ದ. ಇದಾಲ್ಮಿಸಳನ್ನು ಕಂಡು ಅವನ ಮುಖ ಬಿಗಿಯಾಯಿತು.

"ಮತ್ತೆ ಬಂದ್ಯಾ? ಈಗೇನು ನೋಡೋಕೆ?"

ಅವಳು ಅವನ ಅಂಗೈಯಲ್ಲಿ ನಟ್ಟು ಇಟ್ಟಳು.

"ಇದೇನು?"

"ನಿನ್ನ ಡಿಸ್ಕಿನ ಹೊಟ್ಟೇಲಿದ್ದದ್ದು. ಎರಡೂ ಖೋಟಾ ಕಣೋ. ಹಳೇದು ಎಲ್ಲಿದೆ?"

"ಇಲ್ಲ, ಇಲ್ಲ. ಫೋಟೋ ಎಲ್ಲ ಹೊಸದಕ್ಕೆ ಹಾಕಿ ಆಯ್ತು. ಹೆಸರುಗಳೆಲ್ಲ ಕಾಣ್ತಾವೆ, ನಾನೇ ನೋಡಿದ್ದೀನಿ. ಮೊದಲಿನ ನಾಲ್ಕಾರು ತೆಗೆದೂ ನೋಡ್ದೆ."

"ಮೊದಲಿನವು ಇರ್ತಾವೆ. ಹೆಸರೂ ಇರುತ್ತೆ. ನಡುವಿನದು ಒಂದು ತೆಗೆದು ನೋಡ್ದ್ಯಾ?"

ಅವನು ನಟ್ಟನ್ನು ಅಂಗೈಯಲ್ಲಿ ತಿರುಗಿಸಿ ನೋಡಿದ.

"ಹಳೇದು ಎಲ್ಲಿ, ಒರೆಸ್ತೆಸ್?"

"ಬೆಳಿಗ್ಗೆ ಸೊರಾಯ್ದಾ ಕಡೆಯೋರು ಬಂದು ತಗೊಂಡು ಹೋದ್ರು" ಎಂದ. "ನೀನು ಸರಿ ಇದೆ ಅಂದ್ಯಲ್ಲ."

"ಅಂದೆ" ಎಂದಳು ಅವಳು. "ಈಗ ಅದನ್ನ ಮಾತಾಡೋಕೆ ಹೊತ್ತಿಲ್ಲ. ನಡಿ."

ಹುಡುಗಿಯ ತಾಯಿ ನಡುವೆ ಬಂದಳು. ಗೌನು ಸಂಜೆಗೆ ವಾಪಸು ಕೊಡಬೇಕು, ಕುದುರೆಯವನಿಗೆ ಬೇರೆ ಕರೆ ಇದೆ. ಒರೆಸ್ತೆಸ್ ಆ ತಾಯಿಯ ಎರಡೂ ಕೈ ಹಿಡಿದುಕೊಂಡು, ಇನ್ನೊಂದು ದಿನ ಬಿಟ್ಟಿಯಾಗಿ ತೆಗೆದುಕೊಡುತ್ತೇನೆಂದು ಬೇಡಿಕೊಂಡ. ಹುಡುಗಿ ಗಾಡಿಯ ಮೆಟ್ಟಿಲಲ್ಲೇ ಕೂತು ಅಳುವುದಕ್ಕೆ ಶುರು ಮಾಡಿದಳು.

ಫ್ಲೋರಿದಾ ಎಂದರೆ ಅಮೆರಿಕದ್ದಲ್ಲ, ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋದರೆ ಸಿಗುವ ಸಣ್ಣ ಊರು. ಲಾರಿ ನಿಲ್ಲುವ ಜಾಗದಲ್ಲಿ ಜನ ಗುಂಪುಗುಂಪಾಗಿ ನೆರಳಿಗೆ ನಿಂತಿದ್ದರು. "ಸರದೀಲಿ ಕೊನೆಯವರು ಯಾರು?" ಎಂದು ಇದಾಲ್ಮಿಸ್ ಕೇಳಿದಳು. ಕೋಳಿ ಕಂಕುಳಲ್ಲಿಟ್ಟುಕೊಂಡ ಒಬ್ಬ ಕೈ ಎತ್ತಿದ. "ಎಲ್ಲಿಗೆ, ತಂಗೀ?"

"ಫ್ಲೋರಿದಾಗೆ."

"ವೀಸಾ ಆಯ್ತಾ?" ಎಂದ. ನಿಂತವರು ನಕ್ಕರು. ದಿನಾ ಆಡುವ ಮಾತು, ದಿನಾ ನಗುವ ನಗು. ಒರೆಸ್ತೆಸ್ ನಗಲಿಲ್ಲ. ಒಂದು ಲಾರಿ ತುಂಬಿ ಹೋಯಿತು. ಇನ್ನೊಂದು ನಿಲ್ಲಿಸದೆ ಹೋಯಿತು. ಇದಾಲ್ಮಿಸ್ ರಸ್ತೆಯ ನಡುವಿಗೆ ಹೋಗಿ ದೂರಕ್ಕೆ ನೋಡುವಳು, ಬರುವಳು, ಮತ್ತೆ ಹೋಗುವಳು. "ನೀನು ನೋಡಿದ್ರೆ ಲಾರಿ ಬೇಗ ಬರಲ್ಲ" ಎಂದ ಅವನು. "ನೋಡದೆ ಇದ್ರೂ ಬರಲ್ಲ" ಎಂದಳು ಅವಳು. ಕೊನೆಗೆ ಒಂದರ ಹಿಂದೆ ಹತ್ತಿದರು. ಕೂರಲು ಜಾಗವಿಲ್ಲ. ಹಗ್ಗ ಹಿಡಿದು ನಿಂತು, ಗುಂಡಿ ಬಂದಾಗಲೆಲ್ಲ ಒಬ್ಬರಿಗೊಬ್ಬರು ಒರಗಿಕೊಂಡು ಹೋದರು.

ಸೊರಾಯ್ದಾಳ ಮನೆಯಲ್ಲಿ ಕರೆಂಟಿತ್ತು. ದಿನವೆಲ್ಲ ಕರೆಂಟು ಬರಲೆಂದು ಹಾರೈಸುವ ಇದಾಲ್ಮಿಸ್ ಅಂದು ಆ ಊರಿನಲ್ಲಿ ಕತ್ತಲೆ ಇರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದಳು. ತಲೆಗೆ ರೋಲರು ಸುತ್ತಿಕೊಂಡ ಸೊರಾಯ್ದಾ ಬಾಗಿಲು ತೆಗೆದಳು. ಅವಳ ಹಿಂದೆ ಮೇಜಿನ ಮೇಲೆ ಹಳೆಯ ಡಿಸ್ಕಿನ ದೀಪ ಪಟಪಟ ಮಿನುಗುತ್ತಿತ್ತು.

"ಅದನ್ನ ನಿಲ್ಲಿಸಿ" ಎಂದಳು ಇದಾಲ್ಮಿಸ್. ನಮಸ್ಕಾರವನ್ನೂ ಹೇಳಲಿಲ್ಲ.

"ಯಾರಮ್ಮಾ ನೀನು, ನನ್ನ ಮನೇಲಿ ಬಂದು ನಿಲ್ಲಿಸು ಕೂರಿಸು ಅನ್ನೋಳು?"

"ಸೊರಾಯ್ದಾ, ಅದರಲ್ಲಿ ನನ್ನ ಹುಡುಗೀರೆಲ್ಲ ಇದಾರೆ" ಎಂದ ಒರೆಸ್ತೆಸ್.

"ಅದೆಲ್ಲ ಅಳಿಸಿ ಆಯ್ತಲ್ಲ. ಟರ್ಕಿ ಧಾರಾವಾಹಿ ಹಾಕ್ತಾ ಇದ್ದೀನಿ. ಸಂಜೆಗೆ ಜನ ಬರ್ತಾರೆ. ಕೊಟ್ಟದ್ದು ಕೊಟ್ಟಾಯ್ತು, ದುಡ್ಡು ತಗೊಂಡದ್ದೂ ಆಯ್ತು. ಈಗ ಬಂದು ಹುಡುಗೀರು ಅಂದ್ರೆ?"

ಒರೆಸ್ತೆಸ್ ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತ. ಇದಾಲ್ಮಿಸ್ ದನಿ ತಗ್ಗಿಸಿದಳು. "ನೋಡು ಅಕ್ಕ, ಇವನ ಹೊಸ ಡಿಸ್ಕು ಖೋಟಾ, ಸರಿ ಇದೆ ಅಂದೋಳು ನಾನೇ. ಅಳಿಸೋದು ಅಂದ್ರೆ ಹೆಸರು ಅಳಿಸೋದು, ಅಷ್ಟೇ. ಫೋಟೋಗಳು ಒಳಗೇ ಇರ್ತಾವೆ. ನೀನು ಹೊಸದು ಹಾಕಿದ ಹಾಗೆ ಒಂದೊಂದೇ ಸಾಯ್ತಾವೆ. ಈಗ ನಿಲ್ಲಿಸಿದ್ರೆ ಎಷ್ಟೋ ಉಳೀತಾವೆ. ನಿನ್ನ ಮನೇಲಿರೋ ಡಿಸ್ಕುಗಳನ್ನೆಲ್ಲ ನಾನು ಪರೀಕ್ಷೆ ಮಾಡಿಕೊಡ್ತೀನಿ, ಒಂದು ಪೆಸೋ ಬೇಡ, ನಾನಿರೋವರೆಗೂ. ನಿಲ್ಲಿಸಮ್ಮಾ."

ಸೊರಾಯ್ದಾ ಒಂದು ಗಳಿಗೆ ಅವರಿಬ್ಬರನ್ನೂ ನೋಡಿದಳು. "ಕಮಗ್ವೇಲಿ ಡಿಸ್ಕು ನೋಡೋಳು ನೀನೇನಾ? ಭಾರೀ ಗುಮಾನಿ ಹೆಂಗಸು ಅಂತ ಹೇಳ್ತಾರಲ್ಲ?"

"ನಾನೇ."

"ಮತ್ತೆ ಇವನಿಗೆ ಹೇಗೆ ಖೋಟಾ ಡಿಸ್ಕು ಸರಿ ಇದೆ ಅಂದೆ?"

ಸೊರಾಯ್ದಾ ಗೊಣಗಿಕೊಂಡೇ ಕಂಪ್ಯೂಟರಿನ ಹತ್ತಿರ ಹೋಗಿ ಧಾರಾವಾಹಿಯನ್ನು ನಡುವೆಯೇ ಕಡಿದಳು. ದೀಪ ಮಿನುಗುವುದು ನಿಂತಿತು. ಡಿಸ್ಕನ್ನು ಬಿಚ್ಚಿ, ಕೆಲಸ ಮುಗಿದ ಮೇಲೆ ತಿರುಗಿ ಕೊಡಬೇಕೆಂದು ಹೇಳಿ ಇದಾಲ್ಮಿಸಳ ಕೈಗಿಟ್ಟಳು.

ಮುಂದಿನ ಹಲವು ದಿನ ಇದಾಲ್ಮಿಸ್ ಆ ಡಿಸ್ಕಿನಿಂದ ಉಳಿದದ್ದನ್ನು ಎತ್ತುತ್ತ ಕೂತಳು, ಕರೆಂಟಿದ್ದಾಗ ಮೇಜಿನ ಮುಂದೆ, ಇಲ್ಲದಾಗ ಹಿತ್ತಿಲಿಗೂ ಜಗಲಿಗೂ ತಿರುಗುತ್ತ. ಇತ್ತೀಚಿನ ವರ್ಷಗಳ ಫೋಟೋ ಮುಕ್ಕಾಲುಪಾಲು ಸಿಕ್ಕವು, ಖೋಟಾ ಡಿಸ್ಕಿನ ಮುಂಭಾಗದಲ್ಲಿ ಉಳಿದಿದ್ದ ಚೂರೂ ಅವುಗಳದ್ದೇ. ಡಿಸ್ಕಿನ ಮುಂಭಾಗದಲ್ಲಿದ್ದ ತೀರಾ ಹಳೆಯವು ಹೋಗಿದ್ದವು. ಅಲ್ಲೆಲ್ಲ ಮೀಸೆಯ ಪಾಷಾಗಳು, ಕಣ್ಣೀರಿಡುವ ಬೇಗಂಗಳು. ಸಿಕ್ಕವುಗಳಿಗೂ ಹೆಸರಿರಲಿಲ್ಲ. ಯಾವ ಮುಖ ಯಾರ ಮಗಳು ಎಂದು ಒರೆಸ್ತೆಸ್ ಪಕ್ಕದಲ್ಲಿ ಕೂತು ಹೇಳಬೇಕಾಯಿತು. ಕೆಲವರದು ಅವನಿಗೂ ನೆನಪಿರಲಿಲ್ಲ. ಎವೆಲಿಯಾಳನ್ನು ಕರೆದರು. ಅವಳು ಕನ್ನಡಕ ಹಾಕಿಕೊಂಡು, "ಇವಳು ಬೇಕರಿಯವನ ಎರಡನೇದು. ಮೂಗು ನೋಡು, ಅವರಜ್ಜೀದೇ" ಎಂದು ಒಂದೊಂದಾಗಿ ಹೇಳಿದಳು.

ಫೋಟೋ ಕಳೆದುಹೋದವರ ಮನೆಗೆ ಹೋಗಿ ತಿಳಿಸಬೇಕಿತ್ತು. ಒರೆಸ್ತೆಸ್ ತಾನೊಬ್ಬನೇ ಹೋಗುತ್ತೇನೆಂದ. ಇದಾಲ್ಮಿಸ್ ಒಪ್ಪಲಿಲ್ಲ.

ಒರ್ತೆನ್ಸಿಯಾ ಅಗ್ವೆರೊ ಎಂಬಾಕೆಯ ಮನೆಗೆ ಹೋದದ್ದು ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಆಕೆಯ ಮಗಳು ತೀರಿಹೋಗಿದ್ದಳು, ದೇಶಾಂತರದಲ್ಲಿ, ಅಪಘಾತದಲ್ಲಿ. ಮನೆಯಲ್ಲಿದ್ದ ಆಲ್ಬಂ ಬಿರುಗಾಳಿಯ ವರ್ಷ ನೆನೆದು ಮುದ್ದೆಯಾಗಿತ್ತು. ಆಕೆ ಇನ್ನೊಂದು ಪ್ರತಿಗೆ ಒರೆಸ್ತೆಸ್‌ನಿಗೆ ಹೇಳಿಟ್ಟು ಕಾಯುತ್ತಿದ್ದಳು. ಅವನು ಎಲ್ಲವನ್ನೂ ಹೇಳಿದ. ಆಕೆ ಕೂಗಾಡಲಿಲ್ಲ. ಇಬ್ಬರಿಗೂ ಕಾಫಿ ಕೊಟ್ಟಳು. ಲೋಟ ವಾಪಸು ತೆಗೆದುಕೊಳ್ಳುವಾಗ ಇದಾಲ್ಮಿಸಳನ್ನು ನೋಡಿ, "ನೀನು ನೋಡಿದ್ದೀಯ ಅಂದ್ರೆ ಚಿಂತೆ ಇಲ್ಲ ಅಂತ ಊರೆಲ್ಲ ಹೇಳೋರು" ಎಂದಳು, ಅಷ್ಟೇ.

ಹೊರಗೆ ಬಂದು ಇಬ್ಬರೂ ಬೀದಿಯ ಕೊನೆಯವರೆಗೆ ನಡೆದರು. ಆಮೇಲೆ ಒರೆಸ್ತೆಸ್, "ನಾನು ಅವಸರ ಮಾಡ್ದೆ" ಎಂದ.

"ಮಾಡ್ದೆ. ಆದ್ರೆ ಕೊಟ್ಟೋಳು ನಾನು."

"ಆ ದಿನ ಹಳ್ಳಿಗೆ ಬಂದಿದ್ಯಲ್ಲ, ಸೈಕಲ್ ಮೇಲೆ..." ಎಂದು ಶುರು ಮಾಡಿದವನು ಅಲ್ಲಿಗೇ ನಿಲ್ಲಿಸಿದ. ಅವಳೂ ಮುಂದೇನು ಎಂದು ಕೇಳಲಿಲ್ಲ.

ಅವರು ಮತ್ತೆ ಒಂದಾದರು ಎಂದು ಓಣಿಯವರು ಆಡಿಕೊಂಡರು. ಹಾಗೇನೂ ಆಗಲಿಲ್ಲ. ಒರೆಸ್ತೆಸ್ ಊರಿನ ಮನೆಮನೆಗೆ ಹೋಗಿ, ಗೋಡೆಯ ಮೇಲೆ, ಪೆಟ್ಟಿಗೆಯ ತಳದಲ್ಲಿ ಉಳಿದಿದ್ದ ಹಳೇ ಫೋಟೋಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಮತ್ತೆ ಫೋಟೋ ತೆಗೆದುಕೊಂಡು ಬರುತ್ತಿದ್ದ. ಹೀಗೆ ಒಂದಷ್ಟು ಹುಡುಗಿಯರು ಮಸುಕಾಗಿಯಾದರೂ ತಿರುಗಿ ಬಂದರು. ಒರ್ತೆನ್ಸಿಯಾಳ ಮಗಳದು ಎಲ್ಲೂ ಸಿಗಲಿಲ್ಲ, ಯಾವುದೋ ಗೆಳತಿಯ ಫೋಟೋದಲ್ಲಿ ಹಿಂದೆ ನಿಂತ ಅರ್ಧ ಮುಖ ಬಿಟ್ಟರೆ. ಅದನ್ನೇ ದೊಡ್ಡದು ಮಾಡಿ ಕೊಟ್ಟ. ಆಕೆ ತೆಗೆದುಕೊಂಡಳು.

ತಂದದ್ದನ್ನೆಲ್ಲ ಇಡಲು ಬೇರೆ ಡಿಸ್ಕು ಬೇಕಾಯಿತು. ಅದು ಬಂದಾಗ ಇದಾಲ್ಮಿಸ್ ಎರಡು ವಾರ ಇಟ್ಟುಕೊಂಡಳು. ಮೂಲೆಮೂಲೆಗೂ ಅದರದರ ನಂಬರು ಬರೆದು, ಮೊದಲಿಂದ ಕೊನೆಯವರೆಗೆ ಓದಿ, ಮತ್ತೆ ಬೇರೆ ನಂಬರು ಬರೆದು, ಮತ್ತೆ ಓದಿಸಿದಳು. ಒರೆಸ್ತೆಸ್ ದಿನಾ ಸಂಜೆ ಬಂದು ಜಗಲಿಯಲ್ಲಿ ಕೂರುತ್ತಿದ್ದ. ಆಯಿತೇ ಎಂದು ಒಂದು ದಿನವೂ ಕೇಳಲಿಲ್ಲ.

ಆ ಪರೀಕ್ಷೆ ಕೊನೆಯ ಭಾಗದಲ್ಲಿದ್ದ ಸಂಜೆ ಕರೆಂಟು ಮತ್ತೆ ಹೋಯಿತು. ಒಳಗೆ ಸೆಕೆಯೆಂದು ಇಬ್ಬರೂ ಹೊರಗೆ ಕೂತರು. ಎದುರಿಗೆ ಎವೆಲಿಯಾ ಕುರ್ಚಿಯಲ್ಲಿ ತೂಗಿಕೊಳ್ಳುತ್ತಿದ್ದಳು. ಇದಾಲ್ಮಿಸ್ ಬೆರಳಿಂದ ಕುರ್ಚಿಯ ಕೈ ಕುಟ್ಟುತ್ತ ಕೂತಿದ್ದಳು. ಆಮೇಲೆ ಎದ್ದು ನಿಂತಳು.

"ಎಲ್ಲಿಗೆ?" ಎಂದ ಒರೆಸ್ತೆಸ್.

"ಆಚೆ ಬೀದೀಲಿ ದೀಪ ಇದ್ಯಾ ನೋಡ್ಕೊಂಡು ಬರ್ತೀನಿ."

"ತಡಿ, ನಾನೂ ಬರ್ತೀನಿ" ಎಂದು ಅವನೂ ಎದ್ದ.